ವಿಧವೆಯ ಗೋಡೆ ಗಡಿಯಾರ: ಒಂದು ಕೊಲೆ ಕಾದಂಬರಿಯನ್ನು ತಿದ್ದುವಾಗ ಕಲಿತದ್ದು

ಬೆಂಗಳೂರಿನ ಒಂದು ಪ್ರಕಾಶನ ಸೇವಾ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷಗಳಿಂದ ನಾನು ಇಂಗ್ಲಿಷ್ ಪುಸ್ತಕಗಳ ಕಾಪಿ ಎಡಿಟರ್ ಆಗಿದ್ದೇನೆ. ಅಮೆರಿಕದ ಪ್ರಕಾಶಕರು ಕಳುಹಿಸುವ ಹಸ್ತಪ್ರತಿಗಳಲ್ಲಿ ಭಾಷೆ, ಕಾಗುಣಿತ, ಹೆಸರು, ದಿನಾಂಕಗಳನ್ನು ಸರಿಪಡಿಸುವುದು, ಒಂದು ಅಧ್ಯಾಯದ ಮಾತು ಇನ್ನೊಂದು ಅಧ್ಯಾಯದ ಮಾತಿಗೆ ಹೊಂದುತ್ತದೆಯೇ ಎಂದು ನೋಡುವುದು ನನ್ನ ಕೆಲಸ. ಕೆಲವು ವರ್ಷಗಳ ಹಿಂದೆ ಒಂದು ಕೊಲೆ ರಹಸ್ಯದ ಕಾದಂಬರಿಯಲ್ಲಿ ನಾನು ಒಂದೇ ಒಂದು ಪದವನ್ನು ಬದಲಿಸಿ ಇಡೀ ರಹಸ್ಯದ ಬೀಗದ ಕೈಯನ್ನೇ ಕಳೆದುಹಾಕಿದೆ. ಒಪ್ಪಂದದ ಕಾರಣ ಪುಸ್ತಕದ ಹೆಸರನ್ನು ಹೇಳುವಂತಿಲ್ಲ, ಕಥೆಯ ಕೆಲವು ವಿವರಗಳನ್ನೂ ಬದಲಿಸಿ ಹೇಳುತ್ತಿದ್ದೇನೆ; ಆದರೆ ನನ್ನ ತಪ್ಪು ನಡೆದದ್ದು ಹೀಗೆಯೇ.

ಕಥೆ ನಡೆಯುವುದು ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ಆಮಿಶ್ ಎಂಬ ಕ್ರೈಸ್ತ ಪಂಥದ ಜನರ ನಡುವೆ. ಸ್ವಿಟ್ಜರ್ಲೆಂಡ್ ಮತ್ತು ಆಲ್ಸೇಸ್ ಸೀಮೆಯ ಅನಾಬ್ಯಾಪ್ಟಿಸ್ಟ್ ಕ್ರೈಸ್ತರಲ್ಲಿ (ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಪಡೆಯಬೇಕೆನ್ನುವವರು) 1693ರ ಹೊತ್ತಿಗೆ ಒಡಕು ಬಂದಾಗ ಯಾಕೋಬ್ ಅಮ್ಮಾನ್ ಎಂಬ ಗುರುವಿನ ಜೊತೆ ನಿಂತವರು ಇವರ ಪೂರ್ವಜರು. ಹದಿನೆಂಟನೆಯ ಶತಮಾನದಲ್ಲಿ ಅಮೆರಿಕಕ್ಕೆ ವಲಸೆ ಬಂದ ಅವರ ಸಂತತಿ ಇಂದು ಸುಮಾರು 4 ಲಕ್ಷಕ್ಕೆ ಬೆಳೆದಿದೆ. ಮನೆಯಲ್ಲಿ ಅವರಾಡುವುದು ಪೆನ್ಸಿಲ್ವೇನಿಯಾ ಡಚ್ ಎಂಬ ಜರ್ಮನ್ ಉಪಭಾಷೆ. ಹೊರಗಿನವರೆಲ್ಲರೂ ಅವರ ಬಾಯಲ್ಲಿ ‘ಇಂಗ್ಲಿಷರು’. ಕಾರನ್ನು ಇಟ್ಟುಕೊಳ್ಳುವುದಿಲ್ಲ, ಆದರೆ ಇಂಗ್ಲಿಷ್ ಚಾಲಕನ ಬಾಡಿಗೆ ವ್ಯಾನಿನಲ್ಲಿ ಕುಳಿತು ಹೋಗುತ್ತಾರೆ. ಅವರ ಬದುಕನ್ನು ನಡೆಸುವ ಕಟ್ಟಳೆಗೆ ‘ಓರ್ಡ್‌ನುಂಗ್’ ಎಂದು ಹೆಸರು. ಇದು ಬಹುಮಟ್ಟಿಗೆ ಬರೆದಿಟ್ಟದ್ದಲ್ಲ. ಇಪ್ಪತ್ತರಿಂದ ನಲವತ್ತು ಕುಟುಂಬಗಳ ಒಂದೊಂದು ಚರ್ಚ್ ಸಭೆಯೂ ತನ್ನ ಕಟ್ಟಳೆಯನ್ನು ತಾನೇ ನಿರ್ಧರಿಸಿಕೊಳ್ಳುತ್ತದೆ. ಕಾಪಿ ಎಡಿಟರ್‌ಗೆ ಇದಕ್ಕಿಂತ ಕಷ್ಟದ ಸಂಗತಿ ಇಲ್ಲ, ಏಕೆಂದರೆ ತೆರೆದು ನೋಡಿ ‘ಇದು ಸರಿ, ಇದು ತಪ್ಪು’ ಎಂದು ಹೇಳಬಲ್ಲ ಒಂದು ಗ್ರಂಥವೇ ಅಲ್ಲಿರುವುದಿಲ್ಲ.

ಲೇಖಕಿ ಬೆಳೆದದ್ದು ಓಹಾಯೋ ರಾಜ್ಯದ ಹೋಮ್ಸ್ ಕೌಂಟಿಯ ಹತ್ತಿರ. ಅದೂ ದೊಡ್ಡ ಆಮಿಶ್ ಪ್ರದೇಶವೇ. ಕಥೆಯನ್ನು ಪೆನ್ಸಿಲ್ವೇನಿಯಾಕ್ಕೆ ತರುವಾಗ ಆಕೆಗೆ ತಿಳಿಯದಂತೆ ಓಹಾಯೋ ಕೂಡ ಜೊತೆಯಲ್ಲಿ ಬಂದುಬಿಟ್ಟಿತ್ತು. ಕುದುರೆ ಗಾಡಿಗಳೆಲ್ಲ ಕಪ್ಪಾಗಿದ್ದವು, ಆದರೆ ಲ್ಯಾಂಕಾಸ್ಟರ್‌ನ ಆಮಿಶ್ ಗಾಡಿಗಳು ಬೂದು ಬಣ್ಣದವು. ಹಳ್ಳಿಯ ತುಂಬ ಟ್ರಾಯರ್, ಹರ್ಷ್‌ಬರ್ಗರ್ ಎಂಬ ಮನೆತನಗಳಿದ್ದವು, ಆದರೆ ಲ್ಯಾಂಕಾಸ್ಟರ್‌ನಲ್ಲಿ ಸಾಮಾನ್ಯವಾಗಿ ಕೇಳಿಬರುವುದು ಸ್ಟೋಲ್ಟ್ಸ್‌ಫಸ್, ಕಿಂಗ್, ಬೈಲರ್, ಲ್ಯಾಪ್. ಎಲ್ಲಕ್ಕಿಂತ ದೊಡ್ಡದು ತನಿಖೆಯ ತೊಡಕು. ಓಹಾಯೋದಲ್ಲಿ ಕೊಲೆಯ ತನಿಖೆಯನ್ನು ಕೌಂಟಿ ಷೆರೀಫ್ ನಡೆಸುವುದು ಸಹಜ. ಪೆನ್ಸಿಲ್ವೇನಿಯಾದಲ್ಲಿ ಷೆರೀಫನ ಕೆಲಸ ಬಹುಮಟ್ಟಿಗೆ ನ್ಯಾಯಾಲಯದ ಭದ್ರತೆ ಮತ್ತು ವಾರಂಟ್ ಜಾರಿಗೆ ಸೀಮಿತ, ಸ್ವಂತ ಪೊಲೀಸರಿಲ್ಲದ ಟೌನ್‌ಶಿಪ್‌ಗಳಲ್ಲಿ (ಕೌಂಟಿಯೊಳಗಿನ ಸಣ್ಣ ಸ್ಥಳೀಯ ಆಡಳಿತ ಘಟಕಗಳಲ್ಲಿ) ಕೊಲೆ ನಡೆದರೆ ಬರುವವರು ರಾಜ್ಯ ಪೊಲೀಸರು. ಇಷ್ಟನ್ನೂ ಹುಡುಕಿ ಅಂಚಿನಲ್ಲಿ ಪ್ರಶ್ನೆಗಳನ್ನು ಬರೆದೆ. ಲೇಖಕಿ ಧನ್ಯವಾದ ಹೇಳಿ ಎಲ್ಲವನ್ನೂ ಒಪ್ಪಿಕೊಂಡರು. ಅಲ್ಲಿಗೆ ನನ್ನ ಆತ್ಮವಿಶ್ವಾಸ ಹೆಚ್ಚಿತು, ಕೈ ಸಡಿಲವಾಯಿತು.

ಮೂರನೆಯ ಅಧ್ಯಾಯದಲ್ಲಿ ಒಬ್ಬ ವೃದ್ಧ ವಿಧವೆಯನ್ನು ವೈದ್ಯರ ಬಳಿಗೆ ಕರೆದೊಯ್ಯಲು ವ್ಯಾನ್ ಚಾಲಕ ಬೆಳಿಗ್ಗೆ ಏಳಕ್ಕೆ ಬರುವುದಾಗಿ ಹೇಳಿರುತ್ತಾನೆ, ಹೇಳಿದ ಹೊತ್ತಿಗೆ ಸರಿಯಾಗಿ ಬರುತ್ತಾನೆ. ಆತ ಬಾಗಿಲು ತಟ್ಟುವಾಗ ಅಡುಗೆಮನೆಯ ಗೋಡೆ ಗಡಿಯಾರ ಆರು ಬಾರಿ ಹೊಡೆಯುತ್ತದೆ. ನನಗೆ ಅದು ಎದ್ದು ಕಾಣುವ ಕೈತಪ್ಪಾಗಿ ತೋರಿತು. ‘ಆರು’ ಎಂಬುದನ್ನು ‘ಏಳು’ ಎಂದು ತಿದ್ದಿದೆ. ಅಂಚಿನಲ್ಲಿ ಪ್ರಶ್ನೆಯನ್ನೂ ಬರೆಯಲಿಲ್ಲ. ಅಲ್ಪವಿರಾಮಗಳ ನೂರಾರು ತಿದ್ದುಪಡಿಗಳ ನಡುವೆ ಅದೂ ಒಂದಾಗಿ ಹೋಯಿತು, ಲೇಖಕಿ ಸಣ್ಣ ತಿದ್ದುಪಡಿಗಳನ್ನೆಲ್ಲ ಒಟ್ಟಿಗೆ ಒಪ್ಪಿಕೊಂಡರು.

ಕೊಲೆ ನಡೆಯುವುದು ಅಕ್ಟೋಬರಿನ ಒಂದು ರಾತ್ರಿ. ಪಕ್ಕದ ಕೊಟ್ಟಿಗೆಯಿಂದ ಚೀರಾಟ ಕೇಳಿದಾಗ ತನ್ನ ಗಡಿಯಾರ ಎಂಟು ಹೊಡೆಯುತ್ತಿತ್ತು ಎಂದು ಅದೇ ವಿಧವೆ ಹೇಳುತ್ತಾಳೆ. ವ್ಯಾನ್ ಚಾಲಕ ಎಂಟೂವರೆಯವರೆಗೆ ಪಟ್ಟಣದ ಊಟದ ಹೋಟೆಲಿನಲ್ಲಿ ಹತ್ತು ಜನರ ಕಣ್ಣೆದುರು ಕುಳಿತಿದ್ದ. ಆದ್ದರಿಂದ ಪೊಲೀಸರು ಅವನನ್ನು ಬಿಟ್ಟುಬಿಡುತ್ತಾರೆ. ಕೊನೆಯಲ್ಲಿ ತಿಳಿಯುವ ಸಂಗತಿ ಇದು: ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ, ಆದರೆ ಆಮಿಶ್ ಮನೆಗಳಲ್ಲಿ ಹಾಗೆ ಮಾಡದವರಿದ್ದಾರೆ. ಅವರು ಹಳೆಯ ಲೆಕ್ಕವನ್ನು ‘ನಿಧಾನದ ಸಮಯ’ ಎಂದೂ ಹೊರಗಿನವರ ಲೆಕ್ಕವನ್ನು ‘ವೇಗದ ಸಮಯ’ ಎಂದೂ ಕರೆಯುತ್ತಾರೆ. ವಿಧವೆಯ ಎಂಟು ಗಂಟೆ ಎಂದರೆ ಚಾಲಕನ ಒಂಬತ್ತು. ಆ ಒಂಬತ್ತಕ್ಕೆ ಅವನು ಎಲ್ಲಿದ್ದ ಎಂದು ಯಾರೂ ಕೇಳಿರಲಿಲ್ಲ.

ಇಂಥ ಕಾದಂಬರಿಯಲ್ಲಿ ಓದುಗನಿಗೆ ಸುಳಿವನ್ನು ಮೊದಲೇ ಕೊಟ್ಟಿರಬೇಕು. ಕೊಡದೆ ಕೊನೆಯಲ್ಲಿ ಉತ್ತರ ಹೇಳಿದರೆ ಅದು ಮೋಸ. ಲೇಖಕಿ ಇಟ್ಟಿದ್ದ ಏಕೈಕ ಸುಳಿವು ಮೂರನೆಯ ಅಧ್ಯಾಯದ ಆ ಆರು ಬಡಿತಗಳು. ಕೊನೆಯ ಅಧ್ಯಾಯವನ್ನು ಓದುವಾಗಲೂ ನನಗೆ ಅದು ನೆನಪಾಗಲಿಲ್ಲ ಎಂಬುದು ಇಂದಿಗೂ ನನ್ನನ್ನು ನೋಯಿಸುತ್ತದೆ. ಪುಟ ವಿನ್ಯಾಸವಾದ ಕರಡು ಕೈಸೇರಿದಾಗ ಲೇಖಕಿಯೇ ಅದನ್ನು ಕಂಡುಹಿಡಿದರು. ಅವರ ಪತ್ರದಲ್ಲಿ ಸಿಟ್ಟಿರಲಿಲ್ಲ, ದಿಗಿಲಿತ್ತು. ಇನ್ನೂ ಎಲ್ಲೆಲ್ಲಿ ಹೀಗಾಗಿದೆಯೋ ಎಂದು ಅವರು ಮುನ್ನೂರು ಪುಟಗಳನ್ನು ಮೂಲದೊಡನೆ ಸಾಲು ಸಾಲಾಗಿ ಹೋಲಿಸಿ ನೋಡಿದ್ದರು. ನಾನು ಕ್ಷಮೆ ಕೇಳಿ ಬರೆದೆ, ನಡೆದದ್ದನ್ನು ನಮ್ಮ ವ್ಯವಸ್ಥಾಪಕರಿಗೂ ನಾನೇ ಹೇಳಿದೆ.

ದೇಶಕ್ಕೆಲ್ಲ ಒಂದೇ ಗಡಿಯಾರವಿರುವ ಭಾರತದಲ್ಲಿ ಹುಟ್ಟಿದವಳಿಗೆ ಇದು ಹೊಳೆಯದೆ ಹೋಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಆದರೆ ನನ್ನ ಅಜ್ಜಿ ದಿನವನ್ನು ಸೂರ್ಯೋದಯದಿಂದ ಎಣಿಸುತ್ತಿದ್ದರು. ಮಂಗಳವಾರ ನಸುಕಿನ ಮೂರು ಗಂಟೆಗೆ ಹುಟ್ಟಿದ ನನ್ನ ತಮ್ಮ ಆಸ್ಪತ್ರೆಯ ಕಾಗದದಲ್ಲಿ ಮಂಗಳವಾರದವನು, ಅಜ್ಜಿಯ ಪಂಚಾಂಗದಲ್ಲಿ ಸೋಮವಾರದವನು. ಒಂದೇ ಮನೆಯಲ್ಲಿ ಎರಡು ಲೆಕ್ಕಗಳು ನಡೆಯಬಲ್ಲವು ಎಂಬುದು ನನಗೆ ಹೊಸ ಮಾತೇನೂ ಆಗಿರಲಿಲ್ಲ.

ಅದೇ ಕಾದಂಬರಿಯಲ್ಲಿ ಇನ್ನೊಂದು ಕಡೆ ನಾನು ಪ್ರಶ್ನೆ ಬರೆದೇ ಎಡವಿದ್ದೆ. ಸತ್ತವನ ತಾಯಿ, ಬಂಧಿತನಾದ ಚಾಲಕನ ಹೆಂಡತಿಯ ಮನೆಗೆ ಅಡುಗೆ ಹೊತ್ತುಕೊಂಡು ಹೋಗುತ್ತಾಳೆ. ಇದು ನಂಬುವಂತಿಲ್ಲ ಎಂದು ಬರೆದಿದ್ದೆ. ಲೇಖಕಿ ಉತ್ತರವಾಗಿ ನಿಕಲ್ ಮೈನ್ಸ್ ಎಂಬ ಊರಿನ ಹೆಸರನ್ನಷ್ಟೇ ಬರೆದರು. 2006ರ ಅಕ್ಟೋಬರ್ 2ರಂದು ಲ್ಯಾಂಕಾಸ್ಟರ್ ಕೌಂಟಿಯ ಆ ಊರಿನ ಆಮಿಶ್ ಶಾಲೆಗೆ ನುಗ್ಗಿದ ಒಬ್ಬ ಹೊರಗಿನವನು ಹತ್ತು ಹುಡುಗಿಯರಿಗೆ ಗುಂಡು ಹಾರಿಸಿ ತಾನೂ ಸತ್ತ. ಐವರು ಮಕ್ಕಳು ತೀರಿಕೊಂಡರು. ಅದೇ ದಿನ ಆಮಿಶ್ ನೆರೆಯವರು ಆ ಕೊಲೆಗಾರನ ಕುಟುಂಬದವರ ಬಳಿಗೆ ಹೋಗಿ ಸಾಂತ್ವನ ಹೇಳಿದರು, ಅವನ ಶವಸಂಸ್ಕಾರಕ್ಕೂ ಹಲವರು ಹೋಗಿ ನಿಂತರು. ಕೆಲವೇ ದಿನಗಳಲ್ಲಿ ಆ ಶಾಲೆಯನ್ನು ಕೆಡವಿದರು, ಮರುವರ್ಷ ಬೇರೆ ಜಾಗದಲ್ಲಿ ಹೊಸ ಶಾಲೆ ತೆರೆದರು. ಇದನ್ನೆಲ್ಲ ಓದಿದ ಮೇಲೆ ನನ್ನ ಪ್ರಶ್ನೆಯನ್ನು ಹಿಂದಕ್ಕೆ ಪಡೆದೆ. ಆದರೆ ಇಲ್ಲಿ ನಾನು ಕೇಳಿದ್ದೆ, ಕೇಳಿದ್ದರಿಂದ ಪುಟಕ್ಕೆ ಯಾವ ಹಾನಿಯೂ ಆಗಿರಲಿಲ್ಲ.

ಆ ಬಳಿಕ ನನ್ನ ಸ್ಟೈಲ್ ಶೀಟಿನಲ್ಲಿ, ಅಂದರೆ ಒಂದು ಪುಸ್ತಕದ ಹೆಸರು, ಕಾಗುಣಿತ, ಕಾಲಗಳನ್ನು ಗುರುತು ಹಾಕಿಕೊಳ್ಳುವ ಹಾಳೆಯಲ್ಲಿ, ಕಾಲದ ಪಟ್ಟಿಗೆ ಇನ್ನೊಂದು ಅಂಕಣ ಸೇರಿತು: ‘ಯಾರ ಗಡಿಯಾರ?’ ಅಂಕಿ, ದಿನ, ದೂರ, ನೆಂಟಸ್ತಿಕೆ ಇವುಗಳಲ್ಲಿ ಏನೇ ಹೊಂದದಿದ್ದರೂ ಅದು ಯಾರ ಬಾಯಿಂದ ಬಂದದ್ದು, ಅವರಿಗೆ ಅದು ಹೇಗೆ ಗೊತ್ತು ಎಂದು ಮೊದಲು ಬರೆದುಕೊಳ್ಳುತ್ತೇನೆ. ರಹಸ್ಯ ಕಾದಂಬರಿಯಲ್ಲಿ ಅಲ್ಪವಿರಾಮಕ್ಕಿಂತ ದೊಡ್ಡದಾದ ಯಾವುದನ್ನೂ ಕೇಳದೆ ತಿದ್ದುವುದಿಲ್ಲ. ಕೆಲಸ ನಿಧಾನವಾಗುತ್ತದೆ, ಆ ನಿಧಾನಕ್ಕೆ ಬೇಕಾದ ದಿನಗಳನ್ನು ವೇಳಾಪಟ್ಟಿಯಲ್ಲಿ ಮೊದಲೇ ಕೇಳಿ ಪಡೆಯುತ್ತೇನೆ.

ಕರಡಿನ ಅದೇ ಸುತ್ತಿನಲ್ಲಿ ನ್ಯಾಯಾಲಯದ ಅಧ್ಯಾಯವನ್ನು ಮತ್ತೆ ಓದುವಾಗ, ವಿಧವೆ ಬೈಬಲ್ ಮೇಲೆ ಕೈಯಿಟ್ಟು ಪ್ರಮಾಣ ಮಾಡಿದಳು ಎಂಬ ವಾಕ್ಯ ಕಣ್ಣಿಗೆ ಬಿತ್ತು. ಆಣೆ ಇಡಬಾರದೆಂಬ ಯೇಸುವಿನ ಮಾತನ್ನು ಆಮಿಶರು ಅಕ್ಷರಶಃ ಪಾಲಿಸುತ್ತಾರೆ. ನ್ಯಾಯಾಲಯದಲ್ಲಿ ಪ್ರಮಾಣದ ಬದಲು ಸತ್ಯವನ್ನು ದೃಢೀಕರಿಸಿ ಹೇಳಲು ಕಾನೂನಿನಲ್ಲಿ ಅವಕಾಶವಿದೆ. ಈ ಬಾರಿ ವಾಕ್ಯವನ್ನು ಮುಟ್ಟದೆ, ‘ಇದು ಬೇಕೆಂದೇ ಬರೆದದ್ದೇ?’ ಎಂದಷ್ಟೇ ಕೇಳಿದೆ. ಅಲ್ಲ, ತಪ್ಪಾಗಿದೆ ಎಂದು ಲೇಖಕಿ ಬರೆದರು. ಆದರೆ ವಾಕ್ಯವನ್ನು ಸುಮ್ಮನೆ ಅಳಿಸಲಿಲ್ಲ, ಬದಲಿಸಿ ಬರೆದರು. ಗುಮಾಸ್ತ ಬೈಬಲನ್ನು ಮುಂದೆ ಚಾಚುತ್ತಾನೆ, ವಿಧವೆ ಕೈಯನ್ನು ಮಡಿಲಿಗೆ ಎಳೆದುಕೊಂಡು, ತನ್ನ ಅಡುಗೆಮನೆಯ ಗಡಿಯಾರದ ಬಗ್ಗೆ ಹೇಳತೊಡಗುತ್ತಾಳೆ.