ಬಿಟ್ಟು ಬರೋದು ಬೇರೆ, ಮುಟ್ಟಿಸೋದು ಬೇರೆ

ಗಾಂಧಿನಗರದ ಒಂದು ಲಾಡ್ಜಿನಲ್ಲಿ ರಿಸೆಪ್ಷನ್ ನೋಡಿಕೊಳ್ಳುತ್ತೇನೆ. ರೂಮ್ ಕೊಡೋದು ಅರ್ಧ ಕೆಲಸ, ದಾರಿ ಹೇಳೋದು ಇನ್ನರ್ಧ. ಮೆಜೆಸ್ಟಿಕ್ ಪಕ್ಕದಲ್ಲೇ ಇದ್ದೀವಿ ಅಲ್ವಾ. 'ಸ್ಟೇಷನ್ ಎಲ್ಲಿ?' ಅಂದರೆ ರೈಲಾ, ಮೆಟ್ರೋನಾ ಅಂತ ಮೊದಲು ಕೇಳಬೇಕು. ಟಿಕೆಟ್ ಮೇಲೆ ಕೆಎಸ್‌ಆರ್ ಬೆಂಗಳೂರು ಅಂತಿದ್ದರೆ ಅದು ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ, ಅಂದರೆ ನಮ್ಮ ಹಳೇ ಸಿಟಿ ಸ್ಟೇಷನ್. ಅದನ್ನ ಕೆಎಸ್‌ಆರ್‌ಟಿಸಿ ಅಂದುಕೊಂಡು ಬಸ್‌ಸ್ಟ್ಯಾಂಡಿಗೆ ಹೋದವರೂ ಇದ್ದಾರೆ. ಎಸ್‌ಎಂವಿಟಿ ಅಂತಿದ್ದರೆ ಬೈಯಪ್ಪನಹಳ್ಳಿ, ನಡೆದು ಹೋಗೋ ಮಾತೇ ಇಲ್ಲ.

ಒಂದು ರಾತ್ರಿ ಹಾವೇರಿ ಕಡೆಯ ಅಜ್ಜಿ ಕೀ ಕೊಟ್ಟು, 'ಸ್ವಲ್ಪ ಬಸ್‌ಸ್ಟ್ಯಾಂಡ್ ಮುಟ್ಟಿಸ್ರೀ' ಅಂದರು. ನಮ್ಮ ರೂಮ್ ಬಾಯ್‌ಗೆ ನಾನು ಹೇಳಿದ್ದು, 'ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಾ.' ಅವನು ಬ್ಯಾಗ್ ಹೊತ್ತುಕೊಂಡು ಹೋದ. ಹತ್ತೇ ನಿಮಿಷದಲ್ಲಿ ವಾಪಸ್. ಭಲೇ ಚುರುಕು ಹುಡುಗ ಅಂದುಕೊಂಡೆ.

ಹನ್ನೊಂದು ಗಂಟೆಗೆ ಅಜ್ಜಿಯೂ ವಾಪಸ್. ಹುಡುಗ ಬಿಎಂಟಿಸಿ ಕಡೆ ಇಳಿಸಿ ಬಂದಿದ್ದ. ಊರಿನ ಬಸ್ಸು ನಿಲ್ಲೋದು ಎದುರಿನ ಕೆಎಸ್‌ಆರ್‌ಟಿಸಿಯಲ್ಲಿ. ಸಿಟಿ ಬಸ್ಸುಗಳ ಮಧ್ಯೆ ಹಾವೇರಿ ಬೋರ್ಡ್ ಹುಡುಕುತ್ತಾ ಅವರು ಒಂದು ಗಂಟೆ ಅಲೆದಿದ್ದರು. ಸೀರೆ ಸೆರಗಿನ ತುದಿಗೆ ಟಿಕೆಟ್ ಇನ್ನೂ ಗಂಟು ಹಾಕಿಯೇ ಇತ್ತು. ಬೈಯಲಿಲ್ಲ. 'ನಿಮ್ಮ ಹುಡುಗ ಬಿಟ್ಟ ಬಂದಾನ್ರೀ, ಮುಟ್ಟಿಸಿಲ್ಲ' ಅಂದರು, ಅಷ್ಟೇ. ಅವತ್ತಿನ ರೂಮ್ ಬಾಡಿಗೆ ನಾನು ತಗೊಳ್ಳಲಿಲ್ಲ.

ಹುಡುಗನನ್ನ ಕೇಳಿದರೆ, 'ಬಿಟ್ಟು ಬಾ ಅಂದ್ರಿ, ಬಿಟ್ಟು ಬಂದೆ ಸಾರ್.' ಅವನ ತಪ್ಪು ಎಲ್ಲಿದೆ? ಬೆಂಗಳೂರಿನವರ ಬಾಯಲ್ಲಿ ಮುಟ್ಟೋದು ಅಂದರೆ ಕೈಯಿಂದ ಮುಟ್ಟೋದು. ಆ ಕಡೆಯವರಿಗೆ ಮುಟ್ಟೋದು ಅಂದರೆ ತಲುಪೋದು. 'ಮನಿ ಮುಟ್ಟಿದೆ' ಅಂತ ಫೋನ್ ಮಾಡುತ್ತಾರಲ್ಲ, ಹಾಗೆ. ಅಜ್ಜಿ ಕೇಳಿದ್ದು ತನ್ನನ್ನು ಸೇರಿಸಿ ಅಂತ. ನಾನು ಹೇಳಿದ್ದರಲ್ಲಿ ಹುಡುಗ ವಾಪಸ್ ಬರೋದೇ ಮುಖ್ಯವಾಗಿತ್ತು.

ಆಮೇಲಿಂದ ಮಾತು ನೋಡಿ ಆಡುತ್ತೇನೆ. 'ಹೇಳು' ಅಂದರೆ ಕುರ್ಚಿ ಬಿಟ್ಟು ಏಳಬೇಕಿಲ್ಲ. 'ತೋರಿಸು' ಅಂದರೆ ಬಾಗಿಲಾಚೆ ಬಂದು ಕೈ ಚಾಚಬೇಕು. ವಯಸ್ಸಾದವರು, ಮಕ್ಕಳೊಂದಿಗರು ಆದರೆ 'ಹತ್ತಿಸಿ ಬಾ'. ಆಗ ಹುಡುಗ ತಾನಾಗಿಯೇ ಟಿಕೆಟ್ ನೋಡುತ್ತಾನೆ, ಪ್ಲಾಟ್‌ಫಾರ್ಮ್ ಹುಡುಕುತ್ತಾನೆ, ಸೀಟಲ್ಲಿ ಕೂರಿಸಿ ಬರುತ್ತಾನೆ. (ಸಾಗಹಾಕು ಅನ್ನೋದೂ ಒಂದಿದೆ. ಚೆಕ್‌ಔಟ್ ಟೈಮ್ ಆದರೂ ಏಳದವರಿಗೆ. ಅದನ್ನ ಮೆಲ್ಲಗೆ ಹೇಳುತ್ತೇವೆ.)

ಈಗ ಹುಡುಗನದು ಸ್ವಲ್ಪ ಜಾಸ್ತಿಯೇ ಆಗಿದೆ. ಮೊನ್ನೆ ಒಬ್ಬ ಕಾಲೇಜ್ ಹುಡುಗ ಮೆಟ್ರೋ ಎಲ್ಲಿ ಅಂತ ಸುಮ್ನೆ ಕೇಳಿದ. ಇವನು ಅವನ ಬ್ಯಾಗಿಗೆ ಕೈ ಹಾಕಿ, 'ನೇರಳೆ ಲೈನಾ, ಹಸಿರಾ? ನಾನೇ ಹತ್ತಿಸ್ತೀನಿ ಬನ್ನಿ' ಅಂತ ಹೊರಟೇಬಿಟ್ಟ.