ಮ್ಯಾಲಕ್ ಕೊಟ್ಟ ಜಾಗದಲ್ಲಿ ಹಳೇ ಲೆಕ್ಕ

ಕಾರ್ಖಾನೆಯೊಂದರ ಸೆನ್ಸರ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ ಅದು, ಸಿ ಭಾಷೆಯದ್ದು. ಆಫೀಸಿನಲ್ಲಿ ಎಷ್ಟು ಹೊತ್ತು ಓಡಿಸಿದರೂ ತಕರಾರಿಲ್ಲ. ಸೈಟಿನಲ್ಲಿ ಮಾತ್ರ, ಆಗಷ್ಟೇ ಜೋಡಿಸಿದ ಸೆನ್ಸರ್ ಕೆಟ್ಟಿದೆ ಅಂತ ಅಲಾರಂ ಹೊಡೆಯುತ್ತಿತ್ತು. "ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ ಸಾರ್, ಸಂಜೆ ಹೊತ್ತಿಗೆ ಮತ್ತೆ ಶುರು" ಅಂದ ಅಲ್ಲಿನ ಆಪರೇಟರ್. ಆ ಮಾತಿನಲ್ಲೇ ಸುಳಿವಿತ್ತು.

ಕೋಡ್ ತೆಗೆದು ನೋಡಿದೆ. ಒಂದೊಂದು ಸೆನ್ಸರ್‌ಗೂ ಒಂದು ಸ್ಟ್ರಕ್ಟ್, ಅಂದರೆ ಅದರ ಮಾಹಿತಿಯನ್ನೆಲ್ಲ ಒಟ್ಟಿಗೆ ಇಡುವ ಕಟ್ಟು. ಮೊದಲ 32 ಬೈಟ್ ಹೆಸರಿಗೆ, ಆಮೇಲೆ ತಪ್ಪುಗಳ ಎಣಿಕೆ. ಎಣಿಕೆ 5 ದಾಟಿದರೆ ಅಲಾರಂ. ಮೆಮೊರಿಯಲ್ಲಿ ಜಾಗ ಕೊಡುವ ಮ್ಯಾಲಕ್ ಫಂಕ್ಷನ್ ಕರೆದು ಜಾಗ ಪಡೆದ ಮೇಲೆ ಹೆಸರು ಬರೆಯುತ್ತಿತ್ತು, ಎಣಿಕೆಗೆ ಸೊನ್ನೆ ಹಾಕುವ ಸಾಲೇ ಇರಲಿಲ್ಲ.

ಮತ್ತೆ ಆಫೀಸಿನಲ್ಲಿ ಹೇಗೆ ನಡೆಯುತ್ತಿತ್ತು? ಲಿನಕ್ಸ್ ಕರ್ನಲ್, ಅಂದರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳು, ಹೊಸ ಪೇಜ್ (ಮೆಮೊರಿಯ ತುಂಡು) ಕೊಡುವಾಗ ಸೊನ್ನೆ ತುಂಬಿಯೇ ಕೊಡುತ್ತದೆ. ಒಂದು ಪ್ರೋಗ್ರಾಮಿನ ಡೇಟಾ ಇನ್ನೊಂದಕ್ಕೆ ಸಿಗಬಾರದಲ್ವಾ? ಹಾಗಾಗಿ ಮೊದಲ ಸಲ ಸಿಕ್ಕ ಜಾಗ ಸಾಮಾನ್ಯವಾಗಿ ಚೊಕ್ಕಟವಾಗಿಯೇ ಇರುತ್ತದೆ. ಆದರೆ ಫ್ರೀ ಮಾಡಿದ, ಅಂದರೆ ಕೆಲಸ ಮುಗಿದು ಬಿಟ್ಟುಕೊಟ್ಟ ಸಣ್ಣ ಜಾಗ ಕೂಡಲೇ ಕರ್ನಲ್‌ಗೆ ವಾಪಸ್ ಹೋಗುವುದಿಲ್ಲ. ಮ್ಯಾಲಕ್ ಇರುವ ಸಿ ಲೈಬ್ರರಿ ಜಿ-ಲಿಬ್‌ಸಿ ಅದನ್ನು ತನ್ನ ಹತ್ತಿರವೇ ಇಟ್ಟುಕೊಂಡು, ಅಷ್ಟೇ ಅಳತೆಯ ಜಾಗ ಮತ್ತೆ ಕೇಳಿದಾಗ ಕೊಡುತ್ತದೆ. ಶುರುವಿನ 16 ಬೈಟನ್ನು ತನ್ನ ಲೆಕ್ಕಕ್ಕೆ ಬಳಸಿಕೊಂಡರೂ, ಮುಂದಿನದ್ದನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಸೈಟಿನಲ್ಲಿ ಸೆನ್ಸರ್ ಬಿಚ್ಚುತ್ತಿದ್ದರು, ಬೇರೆ ಹಾಕುತ್ತಿದ್ದರು. ಬಿಚ್ಚಿದ್ದರ ಸ್ಟ್ರಕ್ಟ್ ಫ್ರೀ ಆಗಿ, ಹೊಸದಕ್ಕೆ ಅದೇ ಜಾಗ ಸಿಗುತ್ತಿತ್ತು. ಆಫೀಸಿನಲ್ಲಿ ಯಾರೂ ಬಿಚ್ಚುತ್ತಿರಲಿಲ್ಲ. ನಾನೂ ಒಂದನ್ನು ಬಿಚ್ಚಿ ಬೇರೆ ಹಾಕಿ, ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡುವ ಜಿಡಿಬಿಯಲ್ಲಿ ಮ್ಯಾಲಕ್ ಮುಗಿದ ಸಾಲಿಗೇ ನಿಲ್ಲಿಸಿ ಮೆಮೊರಿ ನೋಡಿದೆ. ಹೊಸ ಹೆಸರು ಇನ್ನೂ ಬರೆದಿಲ್ಲ. ಆಗಲೇ 16ನೇ ಬೈಟಿನಿಂದಾಚೆ ಹಳೇ ಸೆನ್ಸರ್ ಹೆಸರಿನ ಬಾಲ ಕಂಡಿತು. ಅದರ ಮುಂದೆ, ಎಣಿಕೆಯ ಜಾಗದಲ್ಲಿ, 9. ಸತ್ಯವಾಗಿ ಮೈ ಜುಮ್ಮೆಂದಿತು.

ಮೆಮೊರಿ ತಪ್ಪುಗಳನ್ನು ಹುಡುಕುವ ವ್ಯಾಲ್‌ಗ್ರೈಂಡ್‌ನಲ್ಲಿ ಓಡಿಸಿದ್ದರೆ ಸೆನ್ಸರ್ ಬಿಚ್ಚುವ ಅಗತ್ಯವೂ ಇರಲಿಲ್ಲ. ಅದು ನೋಡುವುದು ಅಲ್ಲಿ ಸೊನ್ನೆ ಇದೆಯೋ ಇಲ್ಲವೋ ಅಂತಲ್ಲ, ಯಾರಾದರೂ ಅಲ್ಲಿ ಬರೆದಿದ್ದಾರೋ ಇಲ್ಲವೋ ಅಂತ. ಬರೆಯದ ಬೆಲೆಯನ್ನು ಒಂದು ಇಫ್ (ಷರತ್ತು ನೋಡುವ ಸಾಲು) ನಂಬಿಕೊಂಡರೆ ಸಾಲಿನ ನಂಬರ್ ಸಮೇತ ಹೇಳುತ್ತದೆ. ಸಿ ಬರೆಯುವವರು ಇದನ್ನು ರೂಢಿ ಮಾಡಿಕೊಳ್ಳಲೇಬೇಕು.

ಮ್ಯಾಲಕ್ ತೆಗೆದು, ಸೊನ್ನೆ ತುಂಬಿಯೇ ಜಾಗ ಕೊಡುವ ಕ್ಯಾಲಕ್ ಹಾಕಿದೆ. "ಸುಮ್ನೆ ನಿಧಾನ ಆಗಲ್ವಾ ಸಾರ್?" ಅಂದಳು ಜೊತೆಗಿದ್ದ ಜೂನಿಯರ್. ನಲವತ್ತು ಬೈಟ್ ಒರೆಸುವುದು ಲೆಕ್ಕಕ್ಕೇ ಬರುವುದಿಲ್ಲ ಅಂದೆ. ಆಮೇಲೆ ಇಬ್ಬರೂ ಕೂತು ಉಳಿದ ಮ್ಯಾಲಕ್‌ಗಳನ್ನು ಒಂದೊಂದಾಗಿ ನೋಡಿದೆವು. ಫೈಲ್ ಓದುವ ದೊಡ್ಡ ಬಫರ್‌ಗಳನ್ನು ಹಾಗೇ ಬಿಟ್ಟೆವು. ಎಷ್ಟು ಬೈಟ್ ಓದಿತೋ ಅಷ್ಟನ್ನೇ ಮುಂದೆ ಬಳಸುತ್ತಿದ್ದರು, ಅಲ್ಲಿ ಸೊನ್ನೆ ತುಂಬುವುದು ದಂಡ. ಸ್ಟ್ರಕ್ಟ್‌ಗಳಿಗೆಲ್ಲ ಕ್ಯಾಲಕ್ ಬಂತು.