ಕಿಂಡಿಯ ತಕರಾರು: ಇಸಿ135 ಮಾದರಿ, ಹದಿನಾಲ್ಕನೆಯ ವಾರ

ಬಾಲ ನಿಂತಿತು. ಮನೆಯಲ್ಲೇ ಮುದ್ರಿಸಿ ಕಟ್ಟಿದ ಇಸಿ135 ಹೆಲಿಕಾಪ್ಟರಿನ ನನ್ನ ಹಾರುವ ಮಾದರಿ ಭಾನುವಾರ ಬೆಳಿಗ್ಗೆ ಮೈದಾನದಲ್ಲಿ ನಾಲ್ಕು ನಿಮಿಷ, ಮೊಣಕಾಲೆತ್ತರದಲ್ಲಿ, ಮೂಗು ಗಾಳಿಗೆ ಎದುರಾಗಿ ಅಲುಗದೆ ನಿಂತಿತು. ಇದು ಬುಗುರಿಯಂತೆ ಗಿರಗಿರನೆ ಸುತ್ತುವುದನ್ನು ಮೂರು ತಿಂಗಳಿಂದ ನೋಡಿ ನಕ್ಕಿದ್ದ ಇಬ್ಬರು ಗೆಳೆಯರು ಅಲ್ಲೇ ಇದ್ದರು. ಅವರ ಮುಖ ನೋಡುವ ಪುರುಸೊತ್ತು ನನಗಿರಲಿಲ್ಲ. ಹೆಬ್ಬೆರಳುಗಳು ನಡುಗುತ್ತಿದ್ದವು.

ಒಡಲಿನ ಮುದ್ರಣ, ಪುಟ್ಟಿ, ಸ್ಯಾಂಡ್‌ಪೇಪರ್, ಬಣ್ಣ ಇವೆಲ್ಲ ನಿಮಗೆ ಗೊತ್ತಿರುವುದೇ. ಹತ್ತರಲ್ಲಿ ಒಂದು ಅಳತೆ. ಅಸಲಿಯ ಮುಖ್ಯ ರೋಟರ್, ಅಂದರೆ ತಲೆಯ ಮೇಲೆ ತಿರುಗುವ ಅಲಗುಗಳ ಸುತ್ತು, ಅಡ್ಡಳತೆಯಲ್ಲಿ 10.2 ಮೀಟರ್, ನನ್ನದು ಒಂದು ಮೀಟರ್ ಮತ್ತು ಎರಡು ಬೆರಳು. ಒಳಗಿನ ಯಂತ್ರಾಂಗ ಅಂಗಡಿಯಲ್ಲಿ ಸಿಗುವ ಸಾಮಾನ್ಯ 500ರ ಸೆಟ್ (ಹವ್ಯಾಸದ ಹೆಲಿಗಳ ಒಂದು ಅಳತೆ), ಮೇಲೆ ನಾಲ್ಕು ಅಲಗಿನ ತಲೆ. ಅಲ್ಲಿಯವರೆಗೆ ಎಲ್ಲ ಸಲೀಸು. ಜೀವ ತಿಂದದ್ದು ಬಾಲದ ತುದಿಯಲ್ಲಿರುವ ಅಂಗೈಯಗಲದ ಒಂದು ತೂತು.

ಫೆನೆಸ್ಟ್ರಾನ್. ಮುಖ್ಯ ರೋಟರ್ ಒಂದು ಕಡೆಗೆ ತಿರುಗಿದರೆ ಒಡಲು ಎದುರು ದಿಕ್ಕಿಗೆ ತಿರುಗಲು ಹೋಗುತ್ತದೆ; ಅದನ್ನು ತಡೆಯುವುದು ಬಾಲದ ಪಂಖ. ಆ ಪಂಖವನ್ನು ಹೊರಗೆ ಬಿಡದೆ, ಹಿಂದಿನ ರೆಕ್ಕೆಯಲ್ಲೇ ದುಂಡನೆಯ ತೂತು ಕೊರೆದು ಅದರೊಳಗೆ ಕೂರಿಸುವ ಏರ್ಪಾಡು. ಫ್ರಾನ್ಸಿನ ದಕ್ಷಿಣದ ಪ್ರೊವೆನ್ಸಾಲ್ ಮಾತಿನಲ್ಲಿ ಈ ಹೆಸರಿಗೆ ಚಿಕ್ಕ ಕಿಟಕಿ ಎಂದು ಅರ್ಥ. ಇದನ್ನು ರೂಪಿಸಿದ ಫ್ರೆಂಚರ ಕಾರ್ಖಾನೆ ಇರುವುದು ಅದೇ ಸೀಮೆಯ ಮರಿನ್ಯಾನ್‌ನಲ್ಲಿ, ಮಾರ್ಸೇಲ್ಸ್ ಪಕ್ಕ. ನಮ್ಮಲ್ಲಿ ಇದಕ್ಕೆ ಕಿಂಡಿ ಎನ್ನುವ ಪದ ಮೊದಲಿನಿಂದಲೇ ಇರುವಾಗ ನಾಲಿಗೆಗೇಕೆ ಕಷ್ಟ ಕೊಡಲಿ? ಇನ್ನು ಮುಂದೆ ಕಿಂಡಿ.

ಸಮಸ್ಯೆ ಇಷ್ಟು. ನೆಲದ ಮೇಲೆ ಎಲ್ಲ ಸರಿ. ರೋಟರ್ ವೇಗ ಹಿಡಿದು, ಸ್ಕಿಡ್ (ಕೆಳಗಿನ ಕಾಲುಪಟ್ಟಿ) ಹಗುರಾಗುವ ಹೊತ್ತಿಗೆ ಮೂಗು ಎಡಕ್ಕೆ ಜಾರಲು ಶುರು. ಪಿಚ್, ಅಂದರೆ ಅಲಗಿನ ಓರೆ, ಇನ್ನಷ್ಟು ಕೊಟ್ಟರೆ ಜಾರುವುದಲ್ಲ, ಓಟ. ಬಾಲವನ್ನು ನೆಟ್ಟಗೆ ಹಿಡಿಯುವ ಜೈರೊ ತನ್ನ ಶಕ್ತಿಯೆಲ್ಲ ಹಾಕಿ, ಬಾಲದ ಅಲಗುಗಳ ಓರೆ ಬದಲಿಸುವ ಪುಟ್ಟ ಮೋಟಾರಾದ ಸರ್ವೋವನ್ನು ಕೊನೆಯ ಅಂಚಿಗೆ ತಳ್ಳಿ ಹಿಡಿದಿರುತ್ತಿತ್ತು. ಆದರೂ ಬಾಲ ಕೇಳುತ್ತಿರಲಿಲ್ಲ.

ಮೊದಲು ಜೈರೊವನ್ನು ಬೈದೆ. ಗೆಳೆಯನ ಜೈರೊ ತಂದು ಹಾಕಿದೆ, ಅದೂ ಹಾಗೆಯೇ ಮಾಡಿತು. ಆಮೇಲೆ ಸರ್ವೋ. ಆಮೇಲೆ ಅದುರುವಿಕೆ. ಇದರ ಮೇಲೆ ನನ್ನ ಅನುಮಾನ ಬಲವಾಗಿತ್ತು, ಏಕೆಂದರೆ ಇಸಿ135ರ ಕಿಂಡಿಯೊಳಗಿನ ಹತ್ತು ಅಲಗುಗಳ ನಡುವಿನ ಅಂತರ ಸಮನಾಗಿಲ್ಲ. ಬೇಕೆಂದೇ ಹಾಗೆ ಜೋಡಿಸಿದ್ದಾರೆ. ಅಂತರ ಒಂದೇ ಆಗಿದ್ದರೆ ಪಂಖ ಒಂದೇ ಸ್ವರ ಹಿಡಿದು ಸಿಳ್ಳೆ ಹಾಕುತ್ತದೆ. ಏರುಪೇರಾದರೆ ಸದ್ದು ಹಲವು ಸ್ವರಗಳಿಗೆ ಹಂಚಿಹೋಗಿ ಕಿವಿಗೆ ಅಷ್ಟು ಚುಚ್ಚುವುದಿಲ್ಲ. ಅಸಲಿಯವರಿಗೆ ಇದು ಜಾಣತನ. ಮನೆಯಲ್ಲಿ ಮುದ್ರಿಸುವವನಿಗೆ ಶಿಕ್ಷೆ. ಹತ್ತು ಅಲಗುಗಳನ್ನು ಚಿನಿವಾರರ ತಕ್ಕಡಿಯಂಥ ಪುಟ್ಟ ತಕ್ಕಡಿಯಲ್ಲಿ ತೂಗಿದೆ: ಒಂದು 1.84 ಗ್ರಾಂ, ಇನ್ನೊಂದು 1.91. ಹಗುರಾದವುಗಳ ಬುಡಕ್ಕೆ ಬಣ್ಣವಿಲ್ಲದ ಉಗುರುಬಣ್ಣವನ್ನು ಹನಿಹನಿಯಾಗಿ ಹಚ್ಚಿ, ಒಣಗಿಸಿ, ಮತ್ತೆ ತೂಗಿ, ಎರಡು ಸಂಜೆ ಕಳೆದೆ. ಅದುರುವಿಕೆ ಹೋಯಿತು. ಮೂಗು ಮಾತ್ರ ಎಡಕ್ಕೇ ಓಡಿತು, ಈಗ ಇನ್ನೂ ನುಣುಪಾಗಿ.

ಈ ನಡುವೆ ಬೇರಿಂಗ್ ಪುರಾಣ. ಹಬ್‌ಗೆ ಬೇಕಿದ್ದದ್ದು 3×7×3. ಬಿಡಿಭಾಗದ ಅಂಗಡಿಯವರು 3×8×4 ಕಳಿಸಿದರು. ವಾಪಸ್ ಮಾಡಿದೆ, ಮತ್ತೆ ಅದೇ ಬಂತು, ಈ ಸಲ ಬೇರೆ ಬಣ್ಣದ ಪೊಟ್ಟಣದಲ್ಲಿ. ಫೋನ್ ಮಾಡಿದರೆ, "ಒಂದು ಮಿಲಿಮೀಟರ್ ತಾನೆ ಸರ್, ಸ್ವಲ್ಪ ಉಜ್ಜಿಕೊಳ್ಳಿ" ಎಂಬ ಸಲಹೆ. ಗಟ್ಟಿ ಉಕ್ಕಿನ ಬೇರಿಂಗನ್ನು ಉಜ್ಜಿಕೊಳ್ಳುವುದಂತೆ! ಕೊನೆಗೆ ಹಳೆಯ ಹೆಲಿಯೊಂದರ ಹೊಟ್ಟೆ ಬಗೆದು ಎರಡು ಬೇರಿಂಗ್ ತೆಗೆದೆ.

ಆಮೇಲೆ ನೆಪಗಳನ್ನು ಬಿಟ್ಟು ಅಳೆಯಲು ಕೂತೆ. ಬಾಲವನ್ನಷ್ಟೇ ಮೇಜಿಗೆ ಬಿಗಿದು, ಕಿಂಡಿಯನ್ನು ಅಡುಗೆಮನೆಯ ತಕ್ಕಡಿಗೆ ಒರಗಿಸಿ ಮೋಟಾರ್ ಓಡಿಸಿದೆ. ಗಾಳಿಯನ್ನು ಎಡಕ್ಕೆ ಊದುವಾಗ 520 ಗ್ರಾಂ ಒತ್ತುತ್ತಿತ್ತು. ಪಿಚ್ ತಿರುಗಿಸಿ ಬಲಕ್ಕೆ ಊದಿಸಿದರೆ 190. ನನಗೆ ಬೇಕಾಗಿದ್ದದ್ದು ಬಲಕ್ಕೆ ಊದುವ ಗಾಳಿ. ಅಂದರೆ ಕಿಂಡಿಗೆ ಶಕ್ತಿ ಇದೆ, ಆದರೆ ಆಚೆ ಕಡೆಗೆ. ಏಕೆ? ಅಲಗಿನ ಲೆಕ್ಕ, ಗೇರಿನ ಲೆಕ್ಕ ಎಲ್ಲ ಮತ್ತೊಮ್ಮೆ ಹಾಕಿದೆ. ಎಲ್ಲ ಸರಿಯಿತ್ತು.

ಉತ್ತರ ಸಿಕ್ಕಿದ್ದು ಕಪಾಟಿನಲ್ಲಿ. ಮಾದರಿಯ ಪೀಠಕ್ಕೆ ಅಂಟಿಸಲೆಂದು ಇಸಿ135 ತಯಾರಿಸಿದ ಕಂಪನಿಯ ವಂಶಾವಳಿಯನ್ನು ಒಂದು ಚೀಟಿಯಲ್ಲಿ ಬರೆಯುತ್ತಿದ್ದೆ. ಫ್ರೆಂಚ್ ಕಡೆ: 1955ರ ಮಾರ್ಚ್ 12ರಂದು ಹಾರಿದ ಅಲುವೆತ್ 2, ಟರ್ಬೈನ್ ಎಂಜಿನ್ನಿನೊಂದಿಗೆ ಸಾಲುಸಾಲಾಗಿ ತಯಾರಾದ ಮೊದಲ ಹೆಲಿಕಾಪ್ಟರ್. 1957ರಲ್ಲಿ ಎರಡು ಸರ್ಕಾರಿ ಕಂಪನಿಗಳು ಕೂಡಿ ಸುದ್ ಏವಿಯೇಷನ್. 1970ರಲ್ಲಿ ಅದೂ ಇನ್ನೆರಡೂ ಸೇರಿ ಏರೋಸ್ಪಾಸಿಯಾಲ್. ಜರ್ಮನ್ ಕಡೆ: ಬೋಲ್ಕೋ ಅವರ ಕಂಪನಿಯ ಬೋ 105, ಮೊದಲ ಹಾರಾಟ 1967ರ ಫೆಬ್ರವರಿಯಲ್ಲಿ, ಮ್ಯೂನಿಕ್ ಹತ್ತಿರದ ಒಟ್ಟೊಬ್ರುನ್‌ನಲ್ಲಿ. ಅಲಗುಗಳಿಗೆ ಕೀಲೇ ಇಲ್ಲದ, ಟೈಟಾನಿಯಂ ತಲೆಯ ಗಟ್ಟಿ ರೋಟರ್. ಮುಂದೆ ಆ ಕಂಪನಿ ಮೆಸ್ಸರ್‌ಷ್ಮಿಟ್ ಜೊತೆ ಸೇರಿ ಎಂಬಿಬಿ ಆಯಿತು. 1992ರ ಜನವರಿಯಲ್ಲಿ ಎರಡೂ ಮನೆಯವರು ಹೆಲಿಕಾಪ್ಟರ್ ವಿಭಾಗಗಳನ್ನು ಒಂದುಗೂಡಿಸಿ ಯೂರೋಕಾಪ್ಟರ್ ಎಂದು ಹೆಸರಿಟ್ಟರು. 2014ರಿಂದ ಅದೇ ಏರ್‌ಬಸ್ ಹೆಲಿಕಾಪ್ಟರ್ಸ್.

ಚೀಟಿಗೆ ಚಿತ್ರ ಬೇಕಲ್ಲ ಎಂದು ಕಪಾಟಿನಿಂದ ಹಳೆಯ ಪ್ಲಾಸ್ಟಿಕ್ ಕಿಟ್ಟುಗಳೆರಡನ್ನು ಇಳಿಸಿದೆ: ಅಲುವೆತ್ 2 ಮತ್ತು ಬೋ 105. ಪಕ್ಕಪಕ್ಕ ಇಟ್ಟು ಧೂಳು ಒರೆಸುವಾಗ ಬೆರಳು ಅಲಗಿನ ಅಂಚಿನ ಮೇಲೆ ಹೋಯಿತು. ಅಲುವೆತ್‌ನ ಅಲಗಿನ ದಪ್ಪ ಅಂಚು (ಗಾಳಿಯನ್ನು ಮೊದಲು ಸೀಳುವ ಅಂಚು) ಒಂದು ಕಡೆಗೆ, ಬೋ 105ರದು ಇನ್ನೊಂದು ಕಡೆಗೆ. ಕಿಟ್ ಅಂಟಿಸುವಾಗ ಹದಿನೈದು ವರ್ಷದ ಹಿಂದೆ ತಪ್ಪು ಮಾಡಿದ್ದೇನೆಯೇ ಎಂದು ಮೊದಲು ನನ್ನ ಮೇಲೇ ಅನುಮಾನ. ತಪ್ಪಲ್ಲ. ಮೇಲಿನಿಂದ ನೋಡಿದರೆ ಫ್ರೆಂಚರ ರೋಟರ್ ಪ್ರದಕ್ಷಿಣೆ ಹಾಕುತ್ತದೆ: ಅಲುವೆತ್, ಪೂಮಾ, ಗಝೆಲ್, ಎಕ್ಯುರೈ ಎಲ್ಲವೂ. ಜರ್ಮನ್ನರದು ಅಪ್ರದಕ್ಷಿಣೆ.

ಇಸಿ135 ಯಾರ ಮಗು? ಅದು ಹುಟ್ಟಿದ್ದು ಎಂಬಿಬಿಯ ಬೋ 108 ಆಗಿ; 1988ರ ಅಕ್ಟೋಬರ್‌ನಲ್ಲಿ ಹಾರಿದಾಗ ಅದಕ್ಕೆ ಎಲ್ಲರಂತೆ ಬಯಲಿನ ಬಾಲದ ಪಂಖವೇ ಇತ್ತು. ಎರಡು ಮನೆ ಒಂದಾದ ಮೇಲೆ ಆ ಪಂಖ ಕಳಚಿ, ಫ್ರೆಂಚರು 1968ರಲ್ಲೇ ಗಝೆಲ್‌ನ ಮೇಲೆ ಹಾರಿಸಿ ಪಳಗಿಸಿದ್ದ ಕಿಂಡಿಯನ್ನು ಕೂರಿಸಿದರು. 1994ರ ಫೆಬ್ರವರಿ 15ರಂದು ಹಾರಿದ್ದು ಈ ಸಂಸಾರ: ತಲೆ ಜರ್ಮನಿಯದು, ಬಾಲ ಫ್ರಾನ್ಸಿನದು. ಕಂಪನಿಯ ಹೊಲಿಗೆ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನಾನು ಆ ಬಾಲಕ್ಕೆ ಬೆರಳಿಡುತ್ತೇನೆ. ತಲೆ ಅಪ್ರದಕ್ಷಿಣೆ ತಿರುಗುವುದರಿಂದ ಇಸಿ135ರ ಕಿಂಡಿ ಗಝೆಲ್‌ನದಕ್ಕೆ ವಿರುದ್ಧ ದಿಕ್ಕಿಗೆ, ಅಂದರೆ ಎಡಕ್ಕೆ ಗಾಳಿ ಊದಬೇಕು.

ನಾನು ಆ ಕಿಂಡಿಯನ್ನು ಅಸಲಿಯ ಚಿತ್ರಗಳಿಂದ ಕೂದಲೆಳೆಯಷ್ಟೂ ತಪ್ಪದೆ ಬಿಡಿಸಿಕೊಂಡಿದ್ದೆ. ಆದರೆ ಅಂಗಡಿಯ 500ರ ಸೆಟ್ ನಮ್ಮ ಹವ್ಯಾಸದ ಬಹುತೇಕ ಹೆಲಿಗಳಂತೆ ಪ್ರದಕ್ಷಿಣೆಯದು! ಫ್ರೆಂಚ್ ದಿಕ್ಕಿನ ತಲೆಯ ಕೆಳಗೆ ಜರ್ಮನ್ ತಲೆಗೆ ಹೊಲಿದ ಬಾಲ. ಜೈರೊ ಪಿಚ್ ತಿರುವಿ ದಿಕ್ಕು ಬದಲಿಸುತ್ತಿತ್ತು ನಿಜ, ಆದರೆ ಕಿಂಡಿ ಎರಡೂ ಕಡೆಗೆ ಒಂದೇ ರೀತಿ ದುಡಿಯುವ ಆಳಲ್ಲ. ಗಾಳಿ ಒಳಬರುವ ಬದಿಯ ಅಂಚು ತುಟಿಯಂತೆ ದುಂಡಗಿರುತ್ತದೆ. ಆ ತುಟಿಯ ಮೇಲೆ ಗಾಳಿ ಜಾರಿ ಬರುವಾಗ ಅಲ್ಲಿ ಒತ್ತಡ ಇಳಿದು ಕಿಂಡಿಯ ಸುತ್ತಲ ಬಳೆಯೇ ಬಾಲವನ್ನು ಎಳೆಯುತ್ತದೆ. ಹೆಲಿ ಗಾಳಿಯಲ್ಲಿ ನಿಂತಾಗ ತಳ್ಳುವ ಬಲದ ಸುಮಾರು ಅರ್ಧ ಪಾಲು ಅಲಗಿನದಲ್ಲ, ಈ ಬಳೆಯದು. ಇನ್ನೊಂದು ಬದಿಯಲ್ಲಿ ಗಾಳಿಯ ಸುಳಿ ಬಿಡಿಸುವ ಅಲುಗದ ಪಟ್ಟಿಗಳು, ಚೂಪು ಅಂಚು. ನಾನು ಗಾಳಿಯನ್ನು ಹಿಂಬಾಗಿಲಿನಿಂದ ಒಳಗೆ ನುಗ್ಗಿಸುತ್ತಿದ್ದೆ. 190 ಗ್ರಾಂ ಬಂದದ್ದೇ ಹೆಚ್ಚು.

ದಾರಿ ಎರಡು. ಕಿಂಡಿ ತಿರುಗಿಸುವುದು, ಇಲ್ಲವೇ ರೋಟರ್ ತಿರುಗಿಸುವುದು. ಉಡುಪಿಯಲ್ಲಿ ಕಿಂಡಿಯ ಕಡೆಗೆ ದೇವರೇ ತಿರುಗಿದ. ನನ್ನ ರೋಟರ್ ಅಷ್ಟು ಕರುಣಾಳುವಲ್ಲ. ಕಂಪ್ಯೂಟರಿನಲ್ಲಿ ಕಿಂಡಿಗೆ ಕನ್ನಡಿ ಹಿಡಿದು ಮತ್ತೆ ಮುದ್ರಿಸಿದೆ, ಒಂಬತ್ತು ಗಂಟೆ. ತುಟಿ ಈಗ ಎಡಬದಿಗೆ. ಅಲಗಿನ ತುದಿಗೂ ಬಳೆಗೂ ನಡುವೆ 0.4 ಮಿಲಿಮೀಟರ್ ಬಿಟ್ಟೆ. ಅದಕ್ಕಿಂತ ಕಡಿಮೆ ಬಿಟ್ಟರೆ ಬಿಸಿಲಲ್ಲಿ ಬಳೆ ಸೊಟ್ಟಗಾಗಿ ಕಚ್ಚುತ್ತದೆ. ತಕ್ಕಡಿ 505 ತೋರಿಸಿತು, ಬೇಕಾದ ದಿಕ್ಕಿಗೇ. ಉಳಿದದ್ದು ಭಾನುವಾರದ ಕಥೆ.

ಆದರೆ ಖುಷಿ ಅರ್ಧ ದಿನವೂ ಉಳಿಯಲಿಲ್ಲ. ವಿಡಿಯೊ ನೋಡುತ್ತ ಕೂತರೆ ಕಣ್ಣು ರೋಟರಿಗೇ ಹೋಗುತ್ತದೆ. ಇಸಿ135 ಪ್ರದಕ್ಷಿಣೆ ತಿರುಗುವುದು ಗೊತ್ತಿದ್ದವರಿಗೆ ಉಲ್ಟಾ ಉಟ್ಟ ಪಂಚೆಯಂತೆ. ಹಾಗಾಗಿ ಎರಡನೆಯ ದಾರಿಯೂ ಆಗಲೇಬೇಕು: ಮೋಟಾರಿನ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡುವುದು, ಅಲಗುಗಳನ್ನು ಬೋರಲು ಹಾಕುವುದು, ಮುಖ್ಯ ಗೇರಿನ ಒಂದೇ ದಿಕ್ಕಿನ ಬೇರಿಂಗನ್ನು ತಿರುವಿ ಕೂರಿಸುವುದು, ಸ್ವಾಶ್‌ಪ್ಲೇಟಿನ (ಮುಖ್ಯ ಅಲಗುಗಳ ಓರೆ ಬದಲಿಸುವ ತಟ್ಟೆಯ) ಲೆಕ್ಕವನ್ನು ಜೈರೊಗೆ ಹೊಸದಾಗಿ ಕಲಿಸುವುದು. ಆಗ ಹಳೆಯ ಕಿಂಡಿಯೇ ಸರಿಯಾಗುತ್ತದೆ. ಅದನ್ನು ಎಸೆಯದೆ ಇಟ್ಟಿದ್ದೇನೆ.

ಇದಾದ ಮೇಲೆ ಚೀತಾ ಹೆಲಿಕಾಪ್ಟರಿನ ಮಾದರಿ. ಇಲ್ಲ, ಇದರ ಜೊತೆಗೇ ಚೀತಾ. ನಳಿಗೆಗಳ ಬಾಲವನ್ನು ಬೆಸೆಯಲು ಹಿತ್ತಾಳೆ ಕೊಳವೆ ಆಗಲೇ ತಂದಾಗಿದೆ. ಭಾರತ ಹಿಮಾಲಯಕ್ಕೆಂದು ಕೇಳಿದ್ದಕ್ಕೆ ಫ್ರೆಂಚರು ಅಲುವೆತ್ 2ರ ಹಗುರ ಒಡಲಿಗೆ ಅಲುವೆತ್ 3ರ ಎಂಜಿನ್ ಮತ್ತು ರೋಟರ್ ಕೂಡಿಸಿ ಲಾಮಾ ಮಾಡಿದರು. ಅದನ್ನೇ ಬೆಂಗಳೂರಿನ ಎಚ್‌ಎಎಲ್ ಚೀತಾ ಎಂದು ಕಟ್ಟಿತು. 1972ರ ಜೂನ್ 21ರಂದು ಫ್ರೆಂಚ್ ಪೈಲಟ್ ಝಾನ್ ಬೂಲೆ ಲಾಮಾದಲ್ಲಿ 12,442 ಮೀಟರ್ ಏರಿದರು. ಮೇಲೆ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಲಿಲ್ಲ. ಅಷ್ಟೆತ್ತರದಿಂದ ನೆಲದವರೆಗೆ ಬರೀ ರೋಟರಿನ ಸುತ್ತಿನಲ್ಲೇ ಇಳಿದರು. ನಾನು ಎರಡು ಮೀಟರ್‌ನಿಂದ ಹಾಗೆ ಇಳಿಸಲು ಹೋಗಿ ಸ್ಕಿಡ್ ಮುರಿದವನು.

ನಮ್ಮ ಎಚ್‌ಎಎಲ್‌ನದೂ ಎರಡು ಮನೆಯ ನಂಟೇ ನೋಡಿ. ಚೇತಕ್, ಚೀತಾ ಫ್ರೆಂಚ್ ಕಡೆಯವು. ಧ್ರುವದ ವಿನ್ಯಾಸಕ್ಕೆ ನೆರವಾದದ್ದು ಎಂಬಿಬಿ. ಧ್ರುವ ಬೆಂಗಳೂರಿನಲ್ಲಿ ಮೊದಲು ಹಾರಿದ್ದು 1992ರ ಆಗಸ್ಟ್‌ನಲ್ಲಿ, ಅತ್ತ ಎರಡು ಮನೆ ಒಂದಾದ ವರ್ಷವೇ. ಈಗ ಎಕ್ಯುರೈಯ ಇಂದಿನ ರೂಪವಾದ ಎಚ್125ರ ಜೋಡಣೆಗೆ ಏರ್‌ಬಸ್ ಮತ್ತು ಟಾಟಾ ಕೋಲಾರದ ವೇಮಗಲ್ ಆರಿಸಿಕೊಂಡಿವೆ. ಅದರ ಮಾದರಿಯೂ ಪಟ್ಟಿಯಲ್ಲಿದೆ, ಮನೆಯಲ್ಲಿ ಇನ್ನೂ ಹೇಳಿಲ್ಲ. ಚೀತಾ, ಎಚ್125 ಎರಡೂ ಪ್ರದಕ್ಷಿಣೆಯವು, ಕಿಂಡಿಯಿಲ್ಲದವು. ಅಂಗಡಿಯ ಸೆಟ್ಟನ್ನು ಹಾಗೆಯೇ ಕೂರಿಸಿದರಾಯಿತು.

ಒಂದೇ ದಿಕ್ಕಿನ ಬೇರಿಂಗನ್ನು ನಿನ್ನೆ ಹೊರಗೆಳೆಯುವಾಗ ಅದರ ಪಂಜರ ಬಿರಿಯಿತು. ಹೊಸದಕ್ಕೆ ಅದೇ ಅಂಗಡಿಗೆ ಹೇಳಿದ್ದೇನೆ, ಬೇರೆಲ್ಲೂ ಸಿಗುತ್ತಿಲ್ಲ. ಮಂಗಳವಾರ ಬರುತ್ತದೆ ಎಂದಿದ್ದಾರೆ. ಯಾವ ಮಂಗಳವಾರ ಎಂದು ನಾನು ಕೇಳಲಿಲ್ಲ.